ನರಕೋಶ ಅಷ್ಟು ಬೇಗ ಸಂದೇಶ ದಾಟಿಸುವುದು ಹೇಗೆ?

ಪ್ರಶ್ನೆ: ನರಕೋಶದ ತುದಿಗೆ ಕ್ಯಾಲ್ಸಿಯಂ ನುಗ್ಗಿದ ಒಂದು ಮಿಲಿಸೆಕೆಂಡಿನೊಳಗೆ ವೆಸಿಕಲ್ ಪೊರೆಗೆ ಬೆಸೆದುಕೊಳ್ಳುತ್ತದಂತೆ. ಅಷ್ಟು ಬೇಗ ಎರಡು ಪೊರೆಗಳು ಒಂದಾಗಲು ಹೇಗೆ ಸಾಧ್ಯ?

ಉತ್ತರ: ಕ್ಯಾಲ್ಸಿಯಂ ಬರುವ ಹೊತ್ತಿಗೆ ಬಹುಪಾಲು ಕೆಲಸ ಮುಗಿದೇ ಇರುತ್ತದೆ.

ವೆಸಿಕಲ್ ಅಂದರೆ ಸುಮಾರು 40 ನ್ಯಾನೋಮೀಟರ್ ಅಗಲದ ಪುಟ್ಟ ಚೀಲ. ಮುಂದಿನ ಕೋಶಕ್ಕೆ ಸಂದೇಶ ಮುಟ್ಟಿಸುವ ರಾಸಾಯನಿಕ ಅದರೊಳಗೆ ತುಂಬಿರುತ್ತದೆ. ಚೀಲಕ್ಕೂ ಕೋಶಕ್ಕೂ ಒಂದೇ ಬಗೆಯ ಪೊರೆ. ಹಾಗಂತ ಹತ್ತಿರ ಬಂದಾಗ ಅವು ಸುಮ್ನೆ ಬೆಸೆದುಕೊಳ್ಳುವುದಿಲ್ಲ. ಎರಡರ ಮೇಲೂ ಅಂಟಿಕೊಂಡ ನೀರಿನ ಪದರ ಅವನ್ನು ದೂರ ತಳ್ಳುತ್ತದೆ. ಅದನ್ನು ಮೀರಲು ಶಕ್ತಿ ಬೇಕು.

ಆ ಶಕ್ತಿ ಸ್ನೇರ್ ಪ್ರೋಟೀನುಗಳದ್ದು. ವೆಸಿಕಲ್ ಕಡೆಯಿಂದ ಸಿನಾಪ್ಟೊಬ್ರೆವಿನ್, ಕೋಶಪೊರೆಯ ಕಡೆಯಿಂದ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25. ಮೂರೂ ಜಿಪ್ ಎಳೆದ ಹಾಗೆ ಹೆಣೆದುಕೊಳ್ಳುತ್ತಾ ಪೊರೆಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಎಳೆದು ತರುತ್ತವೆ. ಧನುರ್ವಾಯುವಿನ ವಿಷ ಕತ್ತರಿಸುವುದು ಇದೇ ಸಿನಾಪ್ಟೊಬ್ರೆವಿನ್ ಅನ್ನು. ಇವು ಎಷ್ಟು ಮುಖ್ಯ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಆದರೆ ಹೆಣಿಗೆ ಅರ್ಧಕ್ಕೇ ನಿಂತು ಕಾಯುತ್ತದೆ. ಕ್ಯಾಲ್ಸಿಯಂ ಬಂದದ್ದು ಅದಕ್ಕೆ ಗೊತ್ತಾಗುವುದು ಹೇಗೆ? ನರವಿಜ್ಞಾನಿ ಥಾಮಸ್ ಸುಡಾಫ್ ವರ್ಷಗಟ್ಟಲೆ ಬೆನ್ನುಹತ್ತಿದ ಪ್ರಶ್ನೆ ಇದು. ವೆಸಿಕಲ್ ಮೇಲಿರುವ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂ ಹಿಡಿಯುತ್ತದೆ ಎಂದು ಅವರ ತಂಡ ಕಂಡುಕೊಂಡಿತು. 1994ರಲ್ಲಿ ಆ ಪ್ರೋಟೀನ್ ಇಲ್ಲದ ಇಲಿಗಳ ನರಕೋಶಗಳನ್ನು ಪರೀಕ್ಷಿಸಿದರು. ರಾಸಾಯನಿಕದ ಬಿಡುಗಡೆ ಪೂರ್ತಿ ನಿಂತಿರಲಿಲ್ಲ. ಕ್ಯಾಲ್ಸಿಯಂ ಬಂದ ಕೂಡಲೇ ಆಗಬೇಕಾದ ವೇಗದ ಬಿಡುಗಡೆ ಮಾತ್ರ ಹೋಗಿತ್ತು.

ಇಷ್ಟಕ್ಕೆ ರುಜುವಾತಾಯಿತು ಅನ್ನುವಂತಿಲ್ಲ. ಪ್ರೋಟೀನನ್ನೇ ತೆಗೆದುಹಾಕಿದರೆ ಬೇರೇನೋ ಕೆಟ್ಟು ಹೀಗಾಗಿರಬಹುದಲ್ಲ? ನನಗೆ ಬಹಳ ಇಷ್ಟವಾಗುವುದು ಮುಂದಿನ ಹೆಜ್ಜೆ. 2001ರಲ್ಲಿ ಅವರು ಪ್ರೋಟೀನನ್ನು ಅಲ್ಲೇ ಉಳಿಸಿ, ಅದರ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದರು. ಕ್ಯಾಲ್ಸಿಯಂ ಮೇಲಿನ ಅದರ ಹಿಡಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನರಕೋಶದ ಬಿಡುಗಡೆಯೂ ಅಷ್ಟೇ ಪ್ರಮಾಣದಲ್ಲಿ ಕ್ಯಾಲ್ಸಿಯಂಗೆ ಮಂದವಾಯಿತು. ಅಲ್ಲಿಗೆ ಅನುಮಾನಕ್ಕೆ ಜಾಸ್ತಿ ಜಾಗ ಉಳಿಯಲಿಲ್ಲ.

ವೆಸಿಕಲ್ ಸಾಗಾಟದ ಬಗೆಗಿನ ಕೆಲಸಕ್ಕೆ 2013ರ ನೊಬೆಲ್ ಸುಡಾಫ್, ಜೇಮ್ಸ್ ರಾತ್‌ಮನ್ ಮತ್ತು ರ‍್ಯಾಂಡಿ ಶೆಕ್‌ಮನ್ ಮೂವರಿಗೂ ಸಿಕ್ಕಿತು. ನೀವು ಕೇಳಿದ ಆ ವೇಗಕ್ಕೆ ಉತ್ತರ ಹುಡುಕಿದ್ದು ಮುಖ್ಯವಾಗಿ ಸುಡಾಫ್ ಅವರ ಪಾಲಿನ ಕೆಲಸ.