ಪದ ಪರಿಚಯ: ರೇಷ್ಮೆ–ರೇಯಾನ್ ಮಿಶ್ರ ಬಟ್ಟೆ

ಸೀರೆ ಅಂಗಡಿಯಲ್ಲಿ 'ಸೆಮಿ ಸಿಲ್ಕ್', 'ಮಿಕ್ಸ್ ಸಿಲ್ಕ್' ಅಂತ ಬಿಚ್ಚಿ ತೋರಿಸುತ್ತಾರಲ್ಲ, ಅದರಲ್ಲಿ ಒಂದು ಬಗೆ ಇದು. ಬೆರೆಸುವ ಕ್ರಮ ಎರಡು. ರೇಷ್ಮೆ, ರೇಯಾನ್ ಎರಡನ್ನೂ ಸೇರಿಸಿ ಹುರಿ ಮಾಡಿದ ನೂಲಿನಿಂದ ನೇಯಬಹುದು. ಇಲ್ಲವೇ ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ ರೇಷ್ಮೆ, ಹೊಕ್ಕಿನಲ್ಲಿ, ಅಂದರೆ ಅಡ್ಡ ಎಳೆಗಳಲ್ಲಿ ರೇಯಾನ್ ಇಟ್ಟು ಮಗ್ಗದ ಮೇಲೆಯೇ ಕೂಡಿಸಬಹುದು.

ರೇಯಾನ್ ಅಂದರೆ ಪ್ಲಾಸ್ಟಿಕ್ ಅಲ್ಲ. ಹತ್ತಿಯಲ್ಲಿರುವ ಸೆಲ್ಯುಲೋಸೇ ಇದರಲ್ಲೂ ಇರುವುದು. ಮರದ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ತೂತುಗಳ ಮೂಲಕ ಆಮ್ಲದ ತೊಟ್ಟಿಗೆ ಇಳಿಬಿಟ್ಟರೆ ಅದು ಎಳೆಯಾಗಿ ಗಟ್ಟಿಯಾಗುತ್ತದೆ. ಈ ವಿಸ್ಕೋಸ್ ವಿಧಾನ ಇಂಗ್ಲೆಂಡಿನಲ್ಲಿ 1892ರಲ್ಲಿ ಪೇಟೆಂಟ್ ಪಡೆಯಿತು. ನಮ್ಮಲ್ಲೇ, ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ, ರೇಯಾನಿಗೆ ಬೇಕಾದ ತಿರುಳು ತಯಾರಾಗುತ್ತದೆ. ರೇಯಾನ್ ಎಂಬ ಹೆಸರು ಬಳಕೆಗೆ ಬಂದದ್ದು 1924ರಲ್ಲಿ. ಅದಕ್ಕೂ ಮುಂಚೆ ಅದು ಬರೀ 'ಆರ್ಟಿಫಿಶಿಯಲ್ ಸಿಲ್ಕ್'. ಅಂಗಡಿಯ 'ಆರ್ಟ್ ಸಿಲ್ಕ್' ಅದರದ್ದೇ ಮೊಟಕು ರೂಪ.

ಬೆರೆಸುವುದು ದುಡ್ಡು ಉಳಿಸುವುದಕ್ಕೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಗುಣವೂ ಬದಲಾಗುತ್ತದೆ. ರೇಯಾನ್ ಎಳೆ ರೇಷ್ಮೆಗಿಂತ ತೂಕ, ಹಾಗಾಗಿ ಮಿಶ್ರ ಬಟ್ಟೆ ಮೈಮೇಲೆ ಚೆನ್ನಾಗಿ ಇಳಿಬೀಳುತ್ತದೆ, ನೆರಿಗೆ ಉಬ್ಬಿಕೊಳ್ಳುವುದಿಲ್ಲ. ಎರಡೂ ಬೆವರು ಹೀರುತ್ತವೆ. ಸುಕ್ಕಿನ ವಿಷಯದಲ್ಲಿ ಮಾತ್ರ ರೇಯಾನ್ ಸೋಲುತ್ತದೆ. ಕೂತೆದ್ದರೆ ಗೆರೆ ಉಳಿಯುತ್ತದೆ. ಹೊಳಪೂ ಬೇರೆ: ರೇಷ್ಮೆಯ ಎಳೆ ತ್ರಿಕೋನಾಕಾರದ್ದು, ಬೆಳಕು ಹದವಾಗಿ ಚೆದುರುತ್ತದೆ. ಹೊಳಪು ತಗ್ಗಿಸದ ರೇಯಾನ್ ಗಾಜಿನ ಹಾಗೆ ಪಳಪಳ ಅನ್ನುತ್ತದೆ.

ನನಗೆ ಹೆಚ್ಚು ಸ್ವಾರಸ್ಯ ಅನ್ನಿಸುವುದು ಬಣ್ಣದ ಸಂಗತಿ. ರೇಷ್ಮೆ ಪ್ರೋಟೀನ್, ಅದಕ್ಕೆ ಹಿಡಿಯುವ ಆಸಿಡ್ ಬಣ್ಣಗಳು ರೇಯಾನಿಗೆ ಹತ್ತುವುದೇ ಇಲ್ಲ. ತಕ್ಕ ಬಣ್ಣಗಳನ್ನು ಆರಿಸಿಕೊಂಡರೆ ಒಂದೇ ತೊಟ್ಟಿಯಲ್ಲಿ ಅದ್ದಿದ ಬಟ್ಟೆ ಎರಡು ಬಣ್ಣದಲ್ಲಿ ಹೊರಬರುತ್ತದೆ. ಇದೇ ಭೇದವನ್ನು ಫ್ರೆಂಚರ ದೆವೊರೆ ವೆಲ್ವೆಟ್ ಇನ್ನೂ ಮುಂದಕ್ಕೆ ಒಯ್ದಿದೆ. ಅದರ ತಳ ರೇಷ್ಮೆ, ಮೇಲೆ ಎದ್ದು ನಿಂತ ಮೆತ್ತನೆಯ ಜುಂಗು ರೇಯಾನ್. ಆಮ್ಲಗುಣದ ಪೇಸ್ಟಿನಿಂದ ಹೂವು ಬಳ್ಳಿ ಅಚ್ಚೊತ್ತಿ ಬಿಸಿ ಮಾಡಿದರೆ, ಪೇಸ್ಟ್ ತಾಗಿದಲ್ಲೆಲ್ಲ ರೇಯಾನ್ ಸುಟ್ಟು ಉದುರುತ್ತದೆ. ತೆಳ್ಳನೆಯ ರೇಷ್ಮೆ ಏನೂ ಆಗದೆ ಉಳಿದು, ಆ ಜಾಗ ಪಾರದರ್ಶಕವಾಗುತ್ತದೆ.

ಮನೆಯಲ್ಲಿ ಗುರುತಿಸಬೇಕೆಂದರೆ ಒಳಅಂಚಿನಿಂದ ಹಾಸಿನ ಒಂದು ಎಳೆ, ಹೊಕ್ಕಿನ ಒಂದು ಎಳೆ ಬಿಡಿಸಿಕೊಳ್ಳಿ. ಒಂದೊಂದನ್ನೇ ಬೇರೆಯಾಗಿ ಸುಟ್ಟು ನೋಡಿ, ಎರಡನ್ನೂ ಒಟ್ಟಿಗೆ ಸುಟ್ಟರೆ ಏನೂ ತಿಳಿಯುವುದಿಲ್ಲ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ. ರೇಯಾನಾದರೆ ಕಾಗದ ಸುಟ್ಟ ವಾಸನೆ, ಚಿಟಿಕೆಯಷ್ಟು ಬೂದಿ. ಕರಗಿ ಗಟ್ಟಿ ಗುಂಡಾದರೆ ಅದು ಪಾಲಿಯೆಸ್ಟರ್; ಈಗೀಗ 'ಆರ್ಟ್ ಸಿಲ್ಕ್' ಅಂತ ಅದನ್ನೇ ಮಾರುವುದೂ ಉಂಟು. ಬೆಂಕಿ ಬೇಡ ಅನ್ನುವವರು ಎಳೆಯ ನಡುವೆ ಎಂಜಲು ಹಚ್ಚಿ ಎಳೆದು ನೋಡಲಿ. ರೇಯಾನ್ ಒದ್ದೆಯಾದಲ್ಲೇ ಪಟ್ಟನೆ ತುಂಡಾಗುತ್ತದೆ.

ಒಗೆಯುವಾಗ ನೆನಪಿಡಬೇಕಾದದ್ದೂ ಇದನ್ನೇ. ಒದ್ದೆಯಾದ ರೇಯಾನ್ ತನ್ನ ಬಲದಲ್ಲಿ ಹತ್ತಿರಹತ್ತಿರ ಅರ್ಧ ಕಳೆದುಕೊಳ್ಳುತ್ತದೆ, ಒಣಗಿದ ಮೇಲೆ ಮತ್ತೆ ಪಡೆಯುತ್ತದೆ. ರೇಷ್ಮೆ ನೀರಿಗೆ ಅಷ್ಟು ಸೋಲದು, ಅದಕ್ಕೆ ಆಗದ್ದು ಕ್ಷಾರ ಮತ್ತು ಕ್ಲೋರಿನ್ ಬ್ಲೀಚ್. ಅಂದಮೇಲೆ ಕ್ಷಾರದ ಸೋಪಿನ ಪುಡಿ ರೇಷ್ಮೆಗಾಗಿ ಬೇಡ, ಹಿಂಡುವುದು, ಕಲ್ಲಿಗೆ ಕುಕ್ಕುವುದು ರೇಯಾನಿಗಾಗಿ ಬೇಡ. ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆದು, ಟವೆಲಿನಲ್ಲಿ ಸುತ್ತಿ ನೀರು ಒತ್ತಿ, ನೆರಳಲ್ಲಿ ಹರವಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ.