ಶಾಕಪ್‌ನ ಬೈಯುವ ಮೊದಲು ಅಳತೆ ಪಟ್ಟಿ ಹಿಡಿಯಿರಿ

"ಸರ್, ಹಿಂದಿನ ಶಾಕಪ್ ಹೋಗಿದೆ ಅನ್ಸುತ್ತೆ. ಹಂಪ್ ಬಂದ್ರೆ ಸೊಂಟಕ್ಕೇ ಹೊಡೆಯುತ್ತೆ."

ಎತ್ತರ ತಗ್ಗಿಸಿ ನೆಲಕ್ಕೆ ಹತ್ತಿರ ಇಳಿಸಿದ ಪಿಕಪ್ ತರುವವರ ಮೊದಲ ಮಾತು ಹೆಚ್ಚಾಗಿ ಇದೇ. ಕಳೆದ ಬಾರಿ ಬಂದ ಹುಡುಗ ಮೂರನೇ ಜೊತೆ ಶಾಕಪ್ ಹಾಕಿಸಿಕೊಂಡು ಬಂದಿದ್ದ. ಒಂದಕ್ಕಿಂತ ಒಂದು ದುಬಾರಿ. ಸಾಲದ್ದಕ್ಕೆ, ಮೆತ್ತಗಾಗಲಿ ಅಂತ ಯಾರದೋ ಮಾತು ಕೇಳಿ ಉಕ್ಕಿನ ಪ್ಲೇಟುಗಳನ್ನು ಕಟ್ಟಿದ ಲೀಫ್ ಸ್ಪ್ರಿಂಗ್‌ನಿಂದ ಒಂದು ಪ್ಲೇಟನ್ನೂ ತೆಗೆಸಿದ್ದ. ಗಾಡಿ ಇನ್ನಷ್ಟು ಕೂತಿತ್ತು, ಹೊಡೆತ ಇನ್ನಷ್ಟು ಜಾಸ್ತಿಯಾಗಿತ್ತು. "ಪ್ಲೇಟು ಕಮ್ಮಿ ಮಾಡಿದ್ರೂ ಯಾಕೆ ಸರ್ ಗಟ್ಟಿ?" ಅಂತ ಕೇಳಿದ. ಅವನ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ.

ಗಾಡಿ ಕೆಳಗೆ ಮಲಗಿ ನೋಡಿದೆ. ಆಕ್ಸಲ್‌ಗೂ, ಅದು ಮೇಲೆದ್ದು ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರ್‌ಗೂ ನಡುವೆ ಒಂದು ಬೆರಳು ತೂರಿತು. ಎರಡನೆಯದು ತೂರಲಿಲ್ಲ.

ಗಾಡಿ ತಗ್ಗಿಸಲು ಫ್ಲಿಪ್ ಕಿಟ್ ಹಾಕಿದಾಗ ಆಗುವುದು ಇಷ್ಟೇ. ಲೀಫ್ ಸ್ಪ್ರಿಂಗ್ ಕೆಳಗಿದ್ದ ಆಕ್ಸಲ್ ಮೇಲಕ್ಕೆ ಬರುತ್ತದೆ. ಆಕ್ಸಲ್ ಕೊಳವೆಯ ದಪ್ಪ, ಪ್ಲೇಟಿನ ಕಟ್ಟಿನ ದಪ್ಪ, ಸ್ಪ್ರಿಂಗ್ ಕೂರುವ ಪೀಠ ಎಲ್ಲ ಸೇರಿ ಗಾಡಿ ಸುಮಾರು 5-6 ಇಂಚು ಇಳಿಯುತ್ತದೆ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಆ 5-6 ಇಂಚು ಎಲ್ಲಿಂದ ಬಂತು? ಚಾಸಿಗೂ ಆಕ್ಸಲ್‌ಗೂ ನಡುವೆ ಇದ್ದ ಖಾಲಿ ಜಾಗದಿಂದ. ಚಕ್ರ ಮೇಲೆ ಏಳಲು ಬಿಟ್ಟಿದ್ದ ಜಾಗವೇ ಅದು.

ಜೋರಾಗಿ ಬರುವ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಿ, ಅಲ್ವಾ? ಮೊಣಕೈ ಹಿಂದೆಯೇ ಗೋಡೆ ಇದ್ದರೆ? ಕೈ ಎಷ್ಟು ಮೆತ್ತಗಿದ್ದರೂ ಏಟು ಏಟೇ. ನಿಮ್ಮ ಸ್ಪ್ರಿಂಗ್ ಗಟ್ಟಿಯಾಗಿಲ್ಲ. ಅದಕ್ಕೆ ಕೆಲಸ ಮಾಡಲು ಜಾಗವಿಲ್ಲ. 3 ಇಂಚು ಏಳಬೇಕಾದ ಚಕ್ರಕ್ಕೆ 1 ಇಂಚು ಕೊಟ್ಟರೆ, ಉಳಿದ ಏಟು ರಬ್ಬರ್ ಮೂಲಕ ನೇರ ಚಾಸಿಗೆ, ಅಲ್ಲಿಂದ ನಿಮ್ಮ ಸೊಂಟಕ್ಕೆ. ಇಲ್ಲಿ ಪ್ಲೇಟು ತೆಗೆದರೆ ಆ 1 ಇಂಚೂ ಬೇಗ ಮುಗಿಯುತ್ತದೆ. ಜಾಗ ಕಡಿಮೆ ಇದ್ದಾಗ ಸ್ಪ್ರಿಂಗ್ ಸ್ವಲ್ಪ ಗಟ್ಟಿಯೇ ಇರಬೇಕು. ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರು ನನ್ನನ್ನು ಅನುಮಾನದಿಂದ ನೋಡುತ್ತಾರೆ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಮಕ್ಕಳು ಆಡುವ ಬಣ್ಣದ ಕ್ಲೇ ಒಂದು ಉಂಡೆ ತೆಗೆದುಕೊಂಡು ರಬ್ಬರ್ ತುದಿಗೆ ಅಂಟಿಸಿ. ದಿನವೂ ಓಡಿಸುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಹುಡುಗನ ಗಾಡಿಯಲ್ಲಿ ಆ ಉಂಡೆ ಹಪ್ಪಳವಾಗಿತ್ತು. ಶಾಕಪ್‌ಗಳಿಗೆ ಸುರಿದ ದುಡ್ಡೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಸುಮ್ನೆ ಉಂಡೆಯನ್ನೇ ನೋಡುತ್ತಾ ನಿಂತ.

ಪರಿಹಾರ ಅಂದರೆ ಸಿ-ನಾಚ್. ಆಕ್ಸಲ್‌ನ ನೇರ ಮೇಲೆ ಚಾಸಿ ರೈಲನ್ನು (ಉದ್ದಕ್ಕೆ ಹೋಗುವ ಉಕ್ಕಿನ ತೊಲೆ) ಕಮಾನಿನಂತೆ ಕತ್ತರಿಸಿ, ಆ ಜಾಗಕ್ಕೆ ದಪ್ಪ ಪ್ಲೇಟ್ ಕೂರಿಸಿ ಬಲಪಡಿಸುವುದು. ಕತ್ತರಿಸುವುದು ಯಾರಿಗೂ ಬರುತ್ತದೆ. ಬಲಪಡಿಸುವುದರಲ್ಲೇ ಕಸುಬು ಇರುವುದು. ಭಾರ ಹೊರುವ ರೈಲನ್ನೇ ನೀವು ತೆಳ್ಳಗೆ ಮಾಡುತ್ತಿದ್ದೀರಿ. ತುಕ್ಕು ಹಿಡಿದ ಚಾಸಿಯಾದರೆ ನಾನು ಮುಟ್ಟುವುದೇ ಇಲ್ಲ. ನಿಮ್ಮ ಗಾಡಿಯನ್ನು ಕಣ್ಣಾರೆ ನೋಡದೆ ಎಷ್ಟು ಕತ್ತರಿಸಬೇಕು ಅಂತಲೂ ಹೇಳುವುದಿಲ್ಲ. ಚಾಸಿ ಕತ್ತರಿಸಲು ಕಾನೂನಿನ ಒಪ್ಪಿಗೆ ಬೇಕೇ ಅಂತ ಮೊದಲೇ ವಿಚಾರಿಸಿಕೊಳ್ಳಿ.

ನಾಚ್ ಆದ ಮೇಲೆ ಸ್ಪ್ರಿಂಗ್ ಬಿಚ್ಚಿ, ಜಾಕ್ ಇಟ್ಟು ಆಕ್ಸಲನ್ನು ರಬ್ಬರ್ ಪೂರ್ತಿ ಅದುಮುವವರೆಗೆ ಎತ್ತಿ. ಗಾಡಿ ಗಟ್ಟಿ ಸ್ಟ್ಯಾಂಡ್ ಮೇಲೆ ಇರಲಿ, ಅದನ್ನು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲಾದರೂ ತಾಗುತ್ತದೆಯೇ, ಬ್ರೇಕ್ ಹೋಸ್ ಸಿಕ್ಕಿಕೊಳ್ಳುತ್ತದೆಯೇ, ನೋಡಿ. ಶಾಕಪ್ ಮಾತು ಬರಬೇಕಾದ್ದು ಈಗ. ಇಳಿಸಿದ ಗಾಡಿಗೆ ಗಿಡ್ಡ ಶಾಕಪ್ ಬೇಕು. ಆಕ್ಸಲ್ ತೀರಾ ಮೇಲೆ ಬಂದಾಗಲೂ ಅದರ ರಾಡ್ ಒಳಗೆ ಹೋಗಲು ಅರ್ಧ ಇಂಚಾದರೂ ಉಳಿದಿರಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪ್‌ನ ಕೆಲಸವನ್ನು ಶಾಕಪ್ಪೇ ಮಾಡಿ, ಒಳಗೇ ಒಡೆಯುತ್ತದೆ. ಆಗ ನಿಜವಾಗಿಯೂ "ಶಾಕಪ್ ಹೋಗಿದೆ" ಅನ್ನಬಹುದು.

ಪಿನಿಯನ್ ಕೋನದ (ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್‌ಗೆ ಸೇರುವ ಕಡೆಯ ಓರೆ) ಬಗ್ಗೆ ಉದ್ದಕ್ಕೆ ಹೋಗುವುದಿಲ್ಲ. ಒಂದು ವೇಗ ದಾಟಿದ ಮೇಲೆ ಗಾಡಿ ನಡುಗಿದರೆ ಚಕ್ರ ಬ್ಯಾಲೆನ್ಸ್ ಒಂದನ್ನೇ ಮಾಡಿಸುತ್ತಾ ಕೂರಬೇಡಿ, ಕೋನವನ್ನೂ ಅಳೆಸಿ. ಸ್ಪ್ರಿಂಗ್‌ಗೂ ಆಕ್ಸಲ್‌ಗೂ ನಡುವೆ ಓರೆ ಶಿಮ್ (ಬೆಣೆಯಂಥ ತುಂಡು) ಹಾಕಿದರೆ ಸರಿಹೋಗುವುದುಂಟು.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನನಗೆ ಮಾತ್ರ ಅದೇ ಭಯ. ಕೆಲವು ಪಿಕಪ್‌ಗಳಲ್ಲಿ ಭಾರ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಇರುತ್ತದೆ. ಒಂದು ಸಣ್ಣ ಕಡ್ಡಿ ಚಾಸಿಯ ವಾಲ್ವನ್ನು ಆಕ್ಸಲ್‌ಗೆ ಜೋಡಿಸಿರುತ್ತದೆ. ನೀವು ಗಾಡಿ ಇಳಿಸಿದಿರಿ, ಚಾಸಿ ಆಕ್ಸಲ್‌ಗೆ ಹತ್ತಿರ ಬಂತು. ವಾಲ್ವ್‌ಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತುಂಬಾ ಲೋಡ್ ಇದೆ ಅಂದುಕೊಂಡು ಹಿಂದಕ್ಕೆ ಪೂರ್ತಿ ಒತ್ತಡ ಬಿಡುತ್ತದೆ. ಖಾಲಿ ಗಾಡಿ, ಒದ್ದೆ ರಸ್ತೆ, ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಬಾಲ ತಿರುಗಬಹುದು. ಹುಡುಗನ ಗಾಡಿಯಲ್ಲಿ ಆ ಕಡ್ಡಿ ಅಡ್ಡ ಬರುತ್ತಿತ್ತು ಅಂತ ಯಾರೋ ತಂತಿಯಲ್ಲಿ ಮೇಲಕ್ಕೆ ಕಟ್ಟಿಹಾಕಿದ್ದರು. ಚಾಸಿಗೆ ಕೈ ಹಾಕುವ ಮೊದಲು ಆ ತಂತಿ ಬಿಚ್ಚಿದೆ. ಬ್ರೇಕ್ ಸರಿಯಾಗುವವರೆಗೆ ಬೀಗದ ಕೈ ಅವನಿಗೆ ಕೊಡಲಿಲ್ಲ.