ವಿಜ್ಞಾನದಿಂದ ಸಿಕ್ಕ ವಿನಾಯಿತಿ: ಕಣ್ಣು ಕಾಣದ ಮಕ್ಕಳ ಪಾಠದ ಹಿನ್ನೆಲೆ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರ ಇರುವುದನ್ನು ನೀವು ನೋಡಿರಬಹುದು. ವಿಜ್ಞಾನದ ದಿನ ರಾಜ್ಯಶಾಸ್ತ್ರ, ಜೊತೆಗೆ ಸಂಗೀತ. ಹೈಸ್ಕೂಲಿನಲ್ಲಿ ಇವನ್ನೆಲ್ಲ ಯಾರು ಓದುತ್ತಾರೆ? ವಿಕಲಚೇತನ ಮಕ್ಕಳಿಗೆ, ಅದರಲ್ಲೂ ಕಣ್ಣು ಕಾಣದವರಿಗೆ, ಗಣಿತ ಮತ್ತು ವಿಜ್ಞಾನದ ಬದಲಿಗೆ ಕೊಟ್ಟಿರುವ ವಿಷಯಗಳಿವು. ಈ ಸೌಲಭ್ಯ ಇರಬೇಕೋ ಬೇಡವೋ ಎಂಬ ಚರ್ಚೆ ಇದೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1824ರಲ್ಲಿ ಲೂಯಿ ಬ್ರೈಲ್ ಬೆರಳಿನಿಂದ ಮುಟ್ಟಿ ಓದುವ ಆರು ಉಬ್ಬುಚುಕ್ಕೆಗಳ ಲಿಪಿ ರೂಪಿಸಿದರು. 1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಯಿತು. 1951ರಲ್ಲಿ ಭಾರತಿ ಬ್ರೈಲ್ ಬಂದು ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಒಂದೇ ಪದ್ಧತಿ ಸಿಕ್ಕಿತು. ಕಥೆ ಓದಬಹುದು, ಪದ್ಯ ಓದಬಹುದು. ಆದರೆ ಭಿನ್ನರಾಶಿ? ವರ್ಗಮೂಲ? ರಾಸಾಯನಿಕ ಸಮೀಕರಣ? ಬ್ರೈಲ್ ಒಂದೇ ಸಾಲಿನಲ್ಲಿ ಸಾಗುತ್ತದೆ, ಗಣಿತ ಮೇಲೆ ಕೆಳಗೆ ಹರಡಿಕೊಳ್ಳುತ್ತದೆ. ಅಮೆರಿಕದ ಅಬ್ರಹಾಂ ನೆಮೆತ್ 1952ರಲ್ಲಿ ಇದಕ್ಕೊಂದು ಸಂಕೇತ ಪದ್ಧತಿ ಪ್ರಕಟಿಸಿದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಗಣಿತ ಓದುವ ಆಸೆಯಿದ್ದ ಅವರಿಗೆ ಹಿರಿಯರು ಮನಶ್ಶಾಸ್ತ್ರ ಓದು ಅಂದಿದ್ದರು. ಮುಂದೆ ಅವರು ಡೆಟ್ರಾಯಿಟ್‌ನಲ್ಲಿ ಗಣಿತದ ಪ್ರಾಧ್ಯಾಪಕರೇ ಆದರು.

ನಮ್ಮಲ್ಲಿ ನಿಜವಾದ ತಿರುವು ಬಂದದ್ದು 1995ರ ವಿಕಲಚೇತನರ ಕಾಯ್ದೆಯಿಂದ. ಹಕ್ಕುಗಳ ವಿಷಯದಲ್ಲಿ ಅದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಅದರ 30ನೇ ಸೆಕ್ಷನ್‌ನಲ್ಲಿ ಒಂದು ಮಾತಿತ್ತು. ಅಂಧ ಮತ್ತು ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಪೂರ್ತಿ ಗಣಿತದ್ದೇ ಆದ ಪ್ರಶ್ನೆಗಳು ಬರದಂತೆ ಪರೀಕ್ಷಾ ಕ್ರಮವನ್ನು ಬದಲಿಸಬೇಕು ಎಂದು. ಬರೆದವರ ಮನಸ್ಸಿನಲ್ಲಿ ಕಾಳಜಿಯೇ ಇತ್ತು. ಓದಲಾಗದ ಪ್ರಶ್ನೆಗೆ ಮಗು ಫೇಲಾಗಬಾರದು, ಅಲ್ವಾ?

ಆಮೇಲೆ ಆದದ್ದನ್ನು ನೋಡಿ. ಪರೀಕ್ಷೆಯಲ್ಲಿ ಬೇಡ ಎಂದಮೇಲೆ ತರಗತಿಯಲ್ಲೂ ಒತ್ತಾಯವಿಲ್ಲ. ಓದುವವರಿಲ್ಲ ಎಂದಮೇಲೆ ಬ್ರೈಲ್ ಪುಸ್ತಕಕ್ಕೆ ಬೇಡಿಕೆಯಿಲ್ಲ. ಮುದ್ರಿಸಿದರೂ ಚಿತ್ರಗಳು ಬಿಟ್ಟುಹೋಗುತ್ತಿದ್ದವು. 'ಚಿತ್ರ ನೋಡಿ' ಎಂಬ ಸಾಲು ಮಾತ್ರ ಉಳಿಯುತ್ತಿತ್ತು. ಹೂವಿನ ಭಾಗಗಳನ್ನು ಹೂವೇ ಕೈಗೆ ಕೊಡದೆ ಬಾಯಿಪಾಠ ಮಾಡಿಸಿದರೆ ಅದು ವಿಜ್ಞಾನ ಹೇಗಾದೀತು? ಪುಸ್ತಕವಿಲ್ಲ, ಕಲಿಸಬಲ್ಲ ಶಿಕ್ಷಕರಿಲ್ಲ, ಹಾಗಾಗಿ ವಿನಾಯಿತಿ ಬೇಕು ಎಂಬ ವಾದ ಗಟ್ಟಿಯಾಯಿತು. ವಿನಾಯಿತಿ ಇದೆ, ಹಾಗಾಗಿ ಪುಸ್ತಕ ಯಾಕೆ ಎಂಬ ವಾದವೂ ಜೊತೆಗೇ ಬೆಳೆಯಿತು. ಹತ್ತನೇ ತರಗತಿಯಲ್ಲಿ ವಿಜ್ಞಾನ ಬಿಟ್ಟ ಮಗುವಿಗೆ ಪಿಯುಸಿಯಲ್ಲಿ ಅದರ ಬಾಗಿಲು ಮುಚ್ಚಿದ ಹಾಗೇ. ಹದಿನೈದು ವರ್ಷದ ಹುಡುಗಿಯ ಇಡೀ ಮುಂದಿನ ದಾರಿ, ಅವಳನ್ನು ಕೇಳದೆಯೇ ತೀರ್ಮಾನವಾಗಿಬಿಡುತ್ತಿತ್ತು.

ಕೆಲವರು ಒಪ್ಪಲಿಲ್ಲ. ಆಂಧ್ರದ ಶ್ರೀಕಾಂತ್ ಬೊಲ್ಲ ಹತ್ತನೇ ತರಗತಿಯ ನಂತರ ವಿಜ್ಞಾನ ಓದಲು ಕೋರ್ಟಿಗೆ ಹೋಗಬೇಕಾಯಿತು. ಗೆದ್ದರು, ಓದಿದರು, ಮುಂದೆ ಅಮೆರಿಕದ ಎಂಐಟಿ ಸೇರಿದರು. ದೆಹಲಿಯ ಕಾರ್ತಿಕ್ ಸಾಹ್ನಿ ಹನ್ನೊಂದನೇ ತರಗತಿಯಲ್ಲಿ ವಿಜ್ಞಾನಕ್ಕಾಗಿ ಹೋರಾಡಿ, 2013ರಲ್ಲಿ ಹನ್ನೆರಡನೇ ತರಗತಿಯಲ್ಲಿ ಶೇ. 96 ಅಂಕ ತೆಗೆದರು. ಐಐಟಿ ದಾರಿ ತೆರೆಯಲಿಲ್ಲ, ಸ್ಟ್ಯಾನ್‌ಫರ್ಡ್ ಕರೆಯಿತು. ಇಂಥ ಮಕ್ಕಳನ್ನು ಹೊಗಳುವುದು ಸುಲಭ. ಆದರೆ ಪಾಠಕ್ಕೆ ಕೂರಲು ಒಬ್ಬ ವಿದ್ಯಾರ್ಥಿ ಇಷ್ಟೆಲ್ಲ ಹೋರಾಡಬೇಕೇ?

2016ರ ಹೊಸ ಕಾಯ್ದೆಯಲ್ಲಿ ಗಣಿತದ ಆ ಮಾತು ಇಲ್ಲ. ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆ. ಈ ನಡುವೆ ಸಲಕರಣೆಗಳೂ ಬಂದಿವೆ. ಐಐಟಿ ದೆಹಲಿಯಲ್ಲಿ ಬೆರಳಿಗೆ ತಾಕುವ ಉಬ್ಬುಚಿತ್ರಗಳ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ ವಿಷನ್ ಎಂಪವರ್ ಸಂಸ್ಥೆ ಅಂಧ ಮಕ್ಕಳ ಶಾಲೆಗಳ ಶಿಕ್ಷಕರ ಜೊತೆ ಗಣಿತ, ವಿಜ್ಞಾನದ ಪಾಠ ಕಟ್ಟುತ್ತಿದೆ. ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಸದ್ದು ಬದಲಿಸುವ ಸಣ್ಣ ಸಾಧನವಿದೆ. ದ್ರಾವಣದ ಬಣ್ಣ ಬದಲಾದದ್ದು ಅದರಿಂದ ಕಿವಿಗೆ ಗೊತ್ತಾಗುತ್ತದೆ. ಕಣ್ಣಿಲ್ಲದೆ ಪ್ರಯೋಗ ಅಸಾಧ್ಯ ಅನ್ನುವವರು ಗೀರತ್ ವರ್ಮೇಯ್ ಅವರನ್ನು ನೆನೆಯಬೇಕು. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡ ಅವರು ಚಿಪ್ಪುಗಳನ್ನು ಬೆರಳಿನಿಂದಲೇ ಪರೀಕ್ಷಿಸುತ್ತಾ ಜೀವವಿಕಾಸದ ದೊಡ್ಡ ವಿದ್ವಾಂಸರಾದರು.

ಹಾಗಾದರೆ ವಿನಾಯಿತಿಯನ್ನು ನಾಳೆಯೇ ತೆಗೆದುಬಿಡಬಹುದೇ? ಬೇಡ. ಪುಸ್ತಕವೂ ಶಿಕ್ಷಕರೂ ಸಿಗುವ ಮೊದಲು ಅದನ್ನು ಕಿತ್ತುಕೊಂಡರೆ ಪೆಟ್ಟು ಬೀಳುವುದು ಹಳ್ಳಿಯ ಮಕ್ಕಳಿಗೇ. ಸಣ್ಣ ತೊಡಕುಗಳು ಇನ್ನೂ ಬೇಕಾದಷ್ಟಿವೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದ ಕನ್ನಡ ಪಾಠವನ್ನು ಸ್ಕ್ರೀನ್ ರೀಡರ್, ಅಂದರೆ ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಓದಲಾರದು, ಅದು ಯೂನಿಕೋಡ್‌ನಲ್ಲಿರಬೇಕು. ಸ್ಕ್ರೈಬ್ 'ಎ ಪ್ಲಸ್ ಬಿ ಬೈ ಸಿ' ಎಂದು ಓದಿದರೆ, ಸಿ ಭಾಗಿಸುವುದು ಬಿಯನ್ನು ಮಾತ್ರವೋ ಎರಡನ್ನೂ ಸೇರಿಸಿಯೋ ಎಂದು ಕೇಳುವ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಲೆಕ್ಕ ಗೊತ್ತಿದ್ದೂ ಉತ್ತರ ತಪ್ಪುತ್ತದೆ. ಸಮೀಕರಣವನ್ನು ಗಟ್ಟಿಯಾಗಿ ಓದುವ ಕ್ರಮವನ್ನು ಬಿ.ಎಡ್‌ನಲ್ಲೇ ಎಲ್ಲ ಶಿಕ್ಷಕರಿಗೂ ಕಲಿಸಬಹುದು. ಅದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ, ಜಾಸ್ತಿ ದುಡ್ಡೂ ಬೇಕಿಲ್ಲ.